ಹದಿನೇಳನೆಯ ಗುಂಡಿ

ಅದು ಗುರುವಾರ. ಹುಡುಗಿಯ ಬಸ್ಸು ಹತ್ತೂವರೆಗೆ. ಮಾವ ಎಂಟು ಗಂಟೆಗೇ ಬೂಟು ಹಾಕಿಕೊಂಡು, ಅವಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಸ್ ನಿಲ್ದಾಣ ಹತ್ತು ನಿಮಿಷದ ದಾರಿ. ಬಸ್ಸು ಹೊತ್ತಿಗೆ ಮೊದಲೇ ಬಿಟ್ಟುಬಿಟ್ಟರೆ ಏನು ಗತಿ ಅಂದರು. ಹೊತ್ತಿಗೆ ಸರಿಯಾಗಿ ಬಿಟ್ಟ ಬಸ್ಸನ್ನೇ ತಾನು ಈ ಜನ್ಮದಲ್ಲಿ ನೋಡಿಲ್ಲ, ಮೊದಲೇ ಬಿಡುವ ಬಸ್ಸು ಎಲ್ಲಿಂದ ಬರಬೇಕು ಅಂತ ಅತ್ತೆ ಒಲೆಯ ಮುಂದಿನಿಂದಲೇ ಕೇಳಿದಳು.

ಹುಡುಗಿ ಮಾವನ ತಂಗಿಯ ಮಗಳು. ಎಂಟು ವಾರ ಕೆಲಸ ಕಲಿತು ಬಾ ಎಂದು ಕಾಲೇಜಿನವರು ಅವಳನ್ನು ವಿದ್ಯುತ್ ಕಂಪನಿಗೆ ಕಳಿಸಿದ್ದರು. ಮಾವ ಮೂವತ್ತೊಂದು ವರ್ಷದಿಂದ ದುಡಿಯುತ್ತಿದ್ದದ್ದೂ ಅದೇ ಕಂಪನಿಯಲ್ಲಿ. ಹಾಗಾಗಿ ಅವರ ಮನೆಯಲ್ಲೇ ಉಳಿದಿದ್ದಳು. ಈಗ ಕಲಿತದ್ದು ಮುಗಿದು, ಸರ್ಟಿಫಿಕೇಟು ಎರಡು ರಟ್ಟಿನ ನಡುವೆ ಭದ್ರವಾಗಿ ಚೀಲದ ತಳದಲ್ಲಿತ್ತು.

ಬಸ್ಸಿನ ಕಂಡಕ್ಟರಿಗೆ ಮಾವ ಮೂರು ಸಲ ಹೇಳಿದರಂತೆ, ಈ ಮಗು ಎಲ್ಲಿ ಇಳಿಯಬೇಕು ಅಂತ. ಮಗುವಿಗೆ ಇಪ್ಪತ್ತೊಂದು ವರ್ಷ. ವಾಪಸು ಬಂದು ಊಟಕ್ಕೆ ಕೂತರು. ಉಪ್ಪು ಕಡಿಮೆ ಅಂದರು. ಮಧ್ಯಾಹ್ನ ಪಕ್ಕದ ಮನೆಯ ಕರೆಗಂಟೆ ಬಿಚ್ಚಿ ಕಟ್ಟಿದರು. ಅದು ಮೊದಲು ಒತ್ತಿದರೂ ಹೊಡೆದುಕೊಳ್ಳುತ್ತಿರಲಿಲ್ಲ, ಅವರು ಕಟ್ಟಿದ ಮೇಲೆ ನಿಲ್ಲಲಿಲ್ಲ. ಸಂಜೆ ಚಹಾ ಕುಡಿಯುತ್ತ ಮನೆ ಖಾಲಿ ಖಾಲಿ ಅನಿಸುತ್ತೆ ಅಂದರು. ನಾನಿದ್ದೀನಲ್ಲ ಅಂದಳು ಅತ್ತೆ. “ಅದೇ ಮತ್ತೆ. ನಾವಿಬ್ಬರೇ ಜಗಳ ಆಡಿದ್ರೆ ತೀರ್ಪು ಹೇಳೋಕೆ ಒಬ್ರು ಬೇಡ್ವಾ,” ಅಂದರು ಮಾವ.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿದೆ ಅಂದರು ಡಾಕ್ಟರು. ಬಸ್ಸಿನವನಿಗೆ ಮೂರು ಸಲ ಹೇಳಿದ ಮನುಷ್ಯ ಮನೆಯವಳಿಗೆ ಒಂದು ಮಾತೂ ಹೇಳದೆ ಹೋದರು. ಆ ಬೆಳಗಿನ ಬಗ್ಗೆ ಇಷ್ಟು ಸಾಕು. ಹೇಳುವಂಥದ್ದು ಇರುವುದು ಅದರ ಹಿಂದಿನ ಎಂಟು ವಾರಗಳಲ್ಲಿ.

ಮಾವನದು ಅಂಥ ದೊಡ್ಡ ಹುದ್ದೆಯಲ್ಲ. ಲೈನ್‌ಮನ್ ಆಗಿ ಸೇರಿದವರು. ಐವತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು, ಕಂಬ ಹತ್ತುವುದು ಬಿಡಿಸಿ ಟ್ರಾನ್ಸ್‌ಫಾರ್ಮರುಗಳ ಉಸ್ತುವಾರಿ ಕೊಟ್ಟರು. ಅವರ ಪಾಲಿಗೆ ನಲವತ್ತೆರಡು. ಬೀದಿ ಬೀದಿಯಲ್ಲಿ ತಂತಿ ಬೇಲಿಯೊಳಗೆ ಗುಂಯ್‌ಗುಡುತ್ತ ನಿಂತಿರುತ್ತವಲ್ಲ, ಅವು. ಪ್ರತಿಯೊಂದರ ಪಕ್ಕದಲ್ಲೂ ನೆಲದಲ್ಲಿ ಒಂದು ಗುಂಡಿ. ಗುಂಡಿಯೊಳಗೆ ಕಬ್ಬಿಣದ ಕೊಳವೆ, ಅದರ ಸುತ್ತ ಇದ್ದಿಲು, ಉಪ್ಪು. ದಾರಿ ತಪ್ಪಿದ ಕರೆಂಟು ಅದರಲ್ಲಿಳಿದು ಭೂಮಿಗೆ ಸೇರಿ ಸುಮ್ಮನಾಗಬೇಕು. ಆದರೆ ಮಣ್ಣು ಒಣಗಿದ್ದರೆ ಕರೆಂಟು ಇಳಿಯುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಬೇರೆ ದಾರಿ ಅಂದರೆ ಬೇಲಿ ಮುಟ್ಟಿದವರ ಮೈ. ಅದಕ್ಕೇ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕಬೇಕು ಅನ್ನುವುದು ನಿಯಮ.

ಮಾವ ಸ್ಕೂಟರಿನ ಎರಡೂ ಬದಿಗೆ ನೀರಿನ ಕ್ಯಾನು ಕಟ್ಟಿಕೊಂಡು ದಿನಕ್ಕೆ ಏಳು ಗುಂಡಿಗೆ ಹೋಗುತ್ತಿದ್ದರು. ಬಟ್ಟೆ ಸೋಪಿನ ವ್ಯಾಪಾರಿಯ ಹಾಗೆ ಕಾಣಿಸುತ್ತೀರಿ ಅಂತ ಅತ್ತೆ ಗೇಲಿ ಮಾಡುತ್ತಿದ್ದಳು. ಗಿಡಕ್ಕೆ ನೀರು ಹಾಕಿದರೆ ಹೂವಾದರೂ ಬಿಡುತ್ತದೆ, ನಿಮ್ಮ ಗುಂಡಿ ಏನು ಬಿಡುತ್ತದೆ ಅಂದರೆ, ಏನೂ ಬಿಡದಿದ್ದರೇ ಲಾಭ ಅನ್ನುತ್ತಿದ್ದರು.

ಅವರಿಗೆ ಒಂದೇ ಒಂದು ಆಸೆ ಇತ್ತು. ಆ ಕಂಪನಿಯಲ್ಲಿ ಯಾರಾದರೂ ನಿವೃತ್ತರಾದರೆ, ಅಂಗಳದಲ್ಲಿ ಎಲ್ಲರೂ ಸೇರಿದಾಗ ಅವರ ಸೇವಾ ಕಾರ್ಡನ್ನು ಗಟ್ಟಿಯಾಗಿ ಓದುವ ಪದ್ಧತಿ. ಎಲ್ಲರದನ್ನೂ ಓದುವುದಿಲ್ಲ. ಒಂದೂ ಎಚ್ಚರಿಕೆ ಪತ್ರ ಇಲ್ಲದವರದನ್ನು ಮಾತ್ರ. ಮೂವತ್ತೊಂದು ವರ್ಷದಲ್ಲಿ ಮಾವ ಹಾಗೆ ಓದಿದ್ದನ್ನು ಕೇಳಿದ್ದು ಎರಡೇ ಸಲ. ಮೂರನೆಯದು ತನ್ನದು ಅಂತ ಲೆಕ್ಕ ಹಾಕಿದ್ದರು. ಇನ್ನು ಎರಡು ವರ್ಷ ಇತ್ತು. ಅತ್ತೆಗೆ ಆ ದಿನ ಯಾವ ಬಟ್ಟೆ ಉಡಬೇಕು ಅಂತಲೂ ಹೇಳಿಟ್ಟಿದ್ದರು.

ಹುಡುಗಿಯನ್ನು ಹಾಕಿದ್ದು ನಿಯಮ ಪಾಲನೆ ವಿಭಾಗಕ್ಕೆ. ಅಂದರೆ, ಕಂಪನಿಯವರು ನಿಯಮದಂತೆ ನಡೆಯುತ್ತಿದ್ದಾರೋ ಇಲ್ಲವೋ ಅಂತ ಕಂಪನಿಯೊಳಗೇ ಕೂತು ನೋಡುವ ಕೆಲಸ. ಎಲ್ಲರೂ ಅದನ್ನು ರೂಲ್ಸ್ ಸೆಕ್ಷನ್ ಅನ್ನುತ್ತಾರೆ. ಮೊದಲ ಮಹಡಿಯಲ್ಲಿ ಒಂದು ಉದ್ದನೆ ಕೋಣೆ, ಐದು ಬೀರು, ಎರಡು ಮೇಜು. ಮುಖ್ಯಸ್ಥೆಯನ್ನು ರೂಲ್ಸ್ ಮೇಡಂ ಅಂತಲೇ ಕರೆಯುವುದು. ಆಕೆ ಮೆಟ್ಟಿಲು ಹತ್ತುವುದೂ ನಿಯಮದಂತೆ, ಕಂಬಿ ಹಿಡಿದೇ. ಹುಡುಗಿ ಮೊದಲ ದಿನವೇ, ಇಲ್ಲಿ ಗುಂಡಿ ನೋಡಿಕೊಳ್ಳುವವರು ನನ್ನ ಸೋದರಮಾವ ಅಂತ ಹೇಳಿದಳು. ಮೇಡಂ ಅದನ್ನು ಬರೆದು ಸಹಿ ಮಾಡಲು ಹೇಳಿದರು. ಹಾಗಾಗಿ ಆ ಕಚೇರಿಯಲ್ಲಿ ಹುಡುಗಿ ಬರೆದ ಮೊದಲ ವಾಕ್ಯ ‘ಇವರು ನನ್ನ ಮಾವ’ ಅನ್ನುವುದು. ಆ ಕಾಗದ ನೋಡಿದ ಯಾರೋ ಅಂಗಳದಲ್ಲಿ ಹಬ್ಬಿಸಿದರು. ಮೂರೇ ದಿನಕ್ಕೆ ಲೈನ್‌ಮನ್‌ಗಳೆಲ್ಲ ಅವರನ್ನು ಮಾವ ಅನ್ನತೊಡಗಿದರು. ಅವರಿಗಿಂತ ವಯಸ್ಸಾದ ಡ್ರೈವರ್ ಕೂಡ. ಇಷ್ಟು ಜನ ಅಳಿಯಂದಿರಿಗೆ ಎಲ್ಲಿಂದ ಹೆಣ್ಣು ತರಲಿ ಅಂತ ಮಾವ ಮನೆಗೆ ಬಂದು ದೂರಿದರು. ಖುಷಿ ಮಾತ್ರ ಮುಖದಲ್ಲಿ ಉಕ್ಕುತ್ತಿತ್ತು.

ಆರು ವಾರ ಹಬ್ಬವೇ. ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಡುವರು. ಕ್ಯಾನುಗಳ ನಡುವೆ ಹುಡುಗಿ ಕಾಲು ಎಲ್ಲಿಡಬೇಕೆಂದು ತಿಳಿಯದೆ ಬಾತುಕೋಳಿಯ ಹಾಗೆ ಕೂರುವಳು. ಸಂಜೆ ಬಂದರೆ ಅವಳದು ಪ್ರಶ್ನೆಯೋ ಪ್ರಶ್ನೆ. ಮಾವ, ನಿಮ್ಮ ರಬ್ಬರ್ ಕೈಗವಸು ಪರೀಕ್ಷೆ ಮಾಡಿಸಿದ ದಿನಾಂಕ ಯಾವುದು? ಮಾವ, ಮನೆಯ ಫ್ಯೂಸ್ ಪೆಟ್ಟಿಗೆ ಮುಂದೆ ಅಕ್ಕಿ ಡಬ್ಬ ಇಟ್ಟಿದ್ದೀರಿ, ಒಂದು ಮೀಟರು ಜಾಗ ಬಿಡಬೇಕು. ಡಬ್ಬ ಇಟ್ಟವಳು ಅತ್ತೆ. ಒಂದು ಮೀಟರು ಬಿಟ್ಟರೆ ನಾನು ನಿಲ್ಲುವುದು ಬೀದಿಯಲ್ಲಿ ಅಂದಳು. ಹುಡುಗಿ ನಗುತ್ತಲೇ ಪುಸ್ತಕದಲ್ಲಿ ಏನೋ ಗೀಚಿಕೊಂಡಳು. ಮರುದಿನ ಅತ್ತೆ ಯಾರಿಗೂ ಹೇಳದೆ ಡಬ್ಬವನ್ನು ಮಂಚದ ಕೆಳಗೆ ತಳ್ಳಿದಳು.

ಏಳನೆಯ ವಾರದಲ್ಲಿ ಕೆಲಸ ಬಿಗಿಯಾಯಿತು. ಮುಂದಿನ ಮಂಗಳವಾರ ನಿಯಂತ್ರಣ ಮಂಡಳಿಯವರು ತಪಾಸಣೆಗೆ ಬರುವವರಿದ್ದರು. ಅವರು ಕಂಪನಿಗೆ ಸೇರಿದವರಲ್ಲ, ಕಂಪನಿಯ ಮೇಲೆ ಕಣ್ಣಿಡುವವರು. ಅವರು ಬರುವ ಮೊದಲು ನಮ್ಮ ತಪ್ಪನ್ನು ನಾವೇ ಹುಡುಕಿಕೊಳ್ಳೋಣ ಅಂದರು ಮೇಡಂ. ನಾಲ್ಕು ವಿಭಾಗದ ಗುಂಡಿ ಪುಸ್ತಕಗಳಲ್ಲಿ ಮೂರನ್ನು ತಾವು ಇಟ್ಟುಕೊಂಡು, ಮಾವನದನ್ನು ಹುಡುಗಿಗೆ ಕೊಟ್ಟರು. ಸಂಬಂಧಿಕರದು ನನಗೆ ಬೇಡ ಅಂದಳು ಹುಡುಗಿ. ಸಂಬಂಧ ಬರೆದಿಟ್ಟಿದ್ದೀಯ, ನೀನು ನೋಡಿದ ಮೇಲೆ ನಾನೂ ನೋಡುತ್ತೇನೆ ಅಂದರು ಮೇಡಂ. ಮತ್ತೆ, ಎಂಟು ವಾರದಲ್ಲಿ ಓದಿ ಮುಗಿಸುವಂಥ ಕೈಬರಹ ಇರುವುದು ಅವರೊಬ್ಬರದೇ ಅಂತಲೂ ಸೇರಿಸಿದರು.

ಹುಡುಗಿ ಪುಸ್ತಕ ನೋಡಿದಳು. ಆಮೇಲೆ ಬೀದಿಗಿಳಿದು ಒಂದೊಂದೇ ಗುಂಡಿ ನೋಡಿದಳು. ಮುಚ್ಚಳ ಎತ್ತುವುದು, ಬೆರಳು ಹಾಕುವುದು, ಒದ್ದೆ ಇದ್ದರೆ ಬರೆದುಕೊಳ್ಳುವುದು. ಒಂದರಿಂದ ಹದಿನಾರು, ಎಲ್ಲವೂ ಒದ್ದೆ. ಹದಿನೇಳನ್ನು ಹುಡುಕಿಕೊಂಡು ಹೋದ ಕಡೆ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಒಂದು ಬೇಕರಿ ಇತ್ತು. ಇವಳು ಹಿಂದೆ ನೋಡಿ, ಮುಂದೆ ನೋಡಿ, ಕೊನೆಗೆ ಬೇಕರಿಯವನನ್ನೇ ಕೇಳಿದಳು. ಅದಾ, ರಸ್ತೆ ಅಗಲ ಮಾಡಿದಾಗ ಕಿತ್ತುಕೊಂಡು ಹೋಗಿ ನಾಲ್ಕು ವರ್ಷದ ಮೇಲಾಯ್ತಲ್ಲ ತಾಯಿ ಅಂದನಂತೆ. ಗುಂಡಿ? ಗುಂಡಿ ಇದ್ದ ಜಾಗದ ಮೇಲೇ ನೀವು ನಿಂತಿದ್ದೀರಿ, ಅದು ನನ್ನ ಮೆಟ್ಟಿಲು ಅಂದನಂತೆ. ಬಂದವರನ್ನು ಸುಮ್ಮನೆ ಕಳಿಸಬಾರದೆಂದು ಒಂದು ಬನ್ನನ್ನೂ ಕೊಟ್ಟ.

ಹುಡುಗಿ ಬನ್ನು ತಿನ್ನದೆ ವಾಪಸು ಹೋಗಿ ಪುಸ್ತಕ ತೆಗೆದಳು. ಹದಿನೇಳನೆಯ ಸಾಲು. ನೀರು ಹಾಕಿದೆಯೇ? ಹೌದು. ಮುಂದಿನ ವಾರ, ಹೌದು. ಅದರ ಮುಂದಿನ ವಾರ, ಹೌದು. ನಾಲ್ಕು ವರ್ಷ, ಇನ್ನೂರ ಎಂಟು ವಾರ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಇನ್ನೂರ ಎಂಟು ಹೌದು. ಇಲ್ಲದ ಗುಂಡಿಗೆ ಮಾವ ಒಂದು ವಾರವೂ ತಪ್ಪದೆ ನೀರು ಹಾಕಿದ್ದರು.

ಆ ಸಂಜೆ ಹುಡುಗಿ ಊಟ ಬೇಡ ಅಂದಳು. ಹೊಟ್ಟೆ ಸರಿ ಇಲ್ಲ ಅಂದಳು. ಅತ್ತೆ ಅವಳ ಮುಖ ನೋಡಿದಳು. ಹೊಟ್ಟೆ ನೋವಿನ ಮುಖ ಹಾಗಿರುವುದಿಲ್ಲ. ಎರಡು ಸಲ ಕೇಳಿದ ಮೇಲೆ ಹುಡುಗಿ ಬಾಯಿಬಿಟ್ಟಳು, ಮಾವನ ಮುಂದೆಯೇ.

ಮಾವ ಇಲ್ಲ ಅನ್ನಲಿಲ್ಲ. ಕಥೆ ಹೇಳಿದರು. ಟ್ರಾನ್ಸ್‌ಫಾರ್ಮರ್ ಕಿತ್ತ ಮೊದಲ ವಾರ ಅವರು ‘ಇಲ್ಲ’ ಅಂತಲೇ ಬರೆದಿದ್ದರು. ಆ ವಾರದ ಹಾಳೆ ತಲುಪಿದ್ದೇ ಮುಖ್ಯ ಕಚೇರಿಯಿಂದ ಫೋನು ಬಂತು, ಯಾಕೆ ನೀರು ಹಾಕಿಲ್ಲ? ಗುಂಡಿಯೇ ಇಲ್ಲ ಸ್ವಾಮಿ ಅಂದರು. ಹಾಗಾದರೆ ತೆಗೆದುಹಾಕಿದ ಅರ್ಜಿ ಕಳಿಸಿ ಅಂದರು. ಕಳಿಸಿದರು. ಕಳೆದುಹೋಯಿತು. ಮತ್ತೆ ಕಳಿಸಿದರು. ಮತ್ತೂ ಕಳೆದುಹೋಯಿತು. ಸಾಲನ್ನು ಖಾಲಿ ಬಿಟ್ಟರೆ ಅಲ್ಲಿನ ಕಂಪ್ಯೂಟರು ಹಾಳೆಯನ್ನೇ ತಿರುಗಿ ಕಳಿಸುತ್ತಿತ್ತು. ಐದನೆಯ ಫೋನಿನಲ್ಲಿ, ಇನ್ನೊಂದು ಸಲ ‘ಇಲ್ಲ’ ಬಂದರೆ ವಿವರಣೆ ಕೇಳಿ ಪತ್ರ ಬರುತ್ತದೆ ಅಂದರು. ಪತ್ರ ಅಂದರೆ ಕಾರ್ಡಿನ ಮೇಲೆ ಕಪ್ಪು ಚುಕ್ಕೆ. ಆ ವಾರ ಮಾವ ‘ಹೌದು’ ಬರೆದರು. ಫೋನು ನಿಂತಿತು.

“ಒಂದು ಗುಂಡಿ. ಅದೂ ಇಲ್ಲದ್ದು,” ಅಂದರು ಮಾವ. “ಯಾರಿಗೇನು ತೊಂದ್ರೆ ಆಯ್ತು ಹೇಳು.”

ಹುಡುಗಿ ಮಾವನ ತಟ್ಟೆಯನ್ನೇ ನೋಡುತ್ತ ಮಾತಾಡಿದಳು. “ಇಲ್ಲದ್ದಕ್ಕೂ ಹೌದು, ಇರೋದಕ್ಕೂ ಹೌದು ಅಂದ್ರೆ, ನೀವು ನಿಜವಾಗ್ಲೂ ನೀರು ಹೊತ್ತ ಆ ನಲವತ್ತೊಂದನ್ನ ಯಾರು ನಂಬ್ತಾರೆ ಮಾವ?”

ಮಾವ ಕೈ ತೊಳೆದು ಎದ್ದರು. ಬೇಕಾದ್ದು ಬರಕೋ ಅಂದರು. ಬಚ್ಚಲ ಬಾಗಿಲು ಜೋರಾಗಿ ಹಾಕಿಕೊಂಡಿತು.

ಅಲ್ಲಿಂದ ಮನೆಯಲ್ಲಿ ಮಾತು ಕಡಿದುಹೋಯಿತು. ಸೋಮವಾರ ಹುಡುಗಿ ವರದಿ ಕೊಡಬೇಕು. ಬರೆದರೆ ಮಾವನ ಕಾರ್ಡು ಕಪ್ಪಾಗುತ್ತದೆ. ಬರೆಯದಿದ್ದರೆ ಅವಳ ಸಹಿಯೂ ಸುಳ್ಳು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅತ್ತೆಯ ಮೂಲಕ ವ್ಯವಹರಿಸಿದರು. ನಿನ್ನ ಸೊಸೆಗೆ ಹೇಳು, ಸ್ಕೂಟರು ಎಂಟಕ್ಕೆ ಹೊರಡುತ್ತೆ ಅಂತ ಮಾವ. ಮಾವನಿಗೆ ಹೇಳಿ ಅತ್ತೆ, ನಾನು ನಡೆದು ಹೋಗ್ತೀನಿ ಅಂತ ಹುಡುಗಿ. ನಡೆದರೆ ಕಾಲು ನೋಯುತ್ತೆ ಅಂತ ಹೇಳು. ನೋಯಲ್ಲ ಅಂತ ಹೇಳಿ. ಎರಡು ದಿನ ಹೀಗೇ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಸೌಟು ಕೆಳಗಿಟ್ಟಳು. ನಾನೇನು ಕಂಬದಿಂದ ಕಂಬಕ್ಕೆ ಎಳೆದ ತಂತಿಯಾ ಅಂದಳು. ಇಬ್ಬರಿಗೂ ನಗು ಬಂತು. ಆದರೂ ಯಾರೂ ನಗಲಿಲ್ಲ.

ಅದು ಭಾನುವಾರ. ಹುಡುಗಿ ಕೋಣೆಯಲ್ಲಿ ವರದಿ ಬರೆಯಲು ಕೂತು ಹಾಳೆ ಹರಿಯುತ್ತಿದ್ದಳು. ಹರಿಯುವ ಸದ್ದು ಹೊರಗೆ ಕೇಳುತ್ತಿತ್ತು. ಮಾವ ಹಿತ್ತಲಲ್ಲಿ ಸ್ಕೂಟರು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಅತ್ತೆ ಹೋಗಿ ಕಲ್ಲಿನ ಮೇಲೆ ಕೂತಳು. ಅವಳು ಓದಿದ್ದು ನಾಲ್ಕನೆಯ ತರಗತಿ. ನಿಯಮ ಅವಳಿಗೆ ಗೊತ್ತಿಲ್ಲ. ಗಂಡನ ಮುಖ ಗೊತ್ತು.

“ಬಾರದ ನೆಂಟನಿಗೆ ಬಡಿಸಿದೆ ಅಂದಂಗಾಯ್ತು ಇದು,” ಅಂದಳು.

ಮಾವ ಒರೆಸುತ್ತಲೇ ಇದ್ದರು.

“ಆ ಕಾರ್ಡು ಬೆಳ್ಳಗಿಲ್ಲ ಅಂತ ನಿಮಗೆ ನಾಲ್ಕು ವರ್ಷದಿಂದ ಗೊತ್ತು. ಅಂಗಳದಲ್ಲಿ ಓದಿದಾಗ ಚಪ್ಪಾಳೆ ತಟ್ತಾರೆ. ಆವಾಗ ನೀವು ಎಲ್ಲಿ ನೋಡ್ತೀರಿ? ನನ್ನ ಕಡೆ ಅಂತೂ ನೋಡ್ಬೇಡಿ.”

“ಮತ್ತೇನು ಮಾಡ್ಲಿ ಅಂತೀಯ?”

“ನೀವು ಬರೆದಿದ್ದನ್ನ ನೀವೇ ಅಳಿಸಿ. ಆ ಮಗೂ ಕೈಲಿ ಯಾಕೆ ಮಾಡಿಸ್ತೀರಿ? ನಿಮ್ಮ ತಂಗಿ ಅದಕ್ಕಾ ಕಳಿಸಿದ್ದು?”

ಮಾವ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿದರು. ಎರಡೇ ವರ್ಷ ಇತ್ತು ಕಣೇ ಅಂದರು. ಇರಲಿ ಅಂದಳು ಅತ್ತೆ. ಅವಳಿಗೂ ಆ ದಿನದ ಆಸೆ ಇತ್ತು. ಅದನ್ನು ಅವಳು ಹೇಳಲಿಲ್ಲ.

ಸೋಮವಾರ ಮಾವ ಏಳೂವರೆಗೇ ಹೊರಟರು. ರೂಲ್ಸ್ ಸೆಕ್ಷನ್ನಿನ ಬೀಗ ಆಗತಾನೇ ತೆರೆದಿತ್ತು. ಪುಸ್ತಕ ತೆಗೆದು, ಮೇಡಂ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು, ಹದಿನೇಳನೆಯ ಸಾಲಿನ ಉದ್ದಕ್ಕೂ ಬರೆದರು: ‘ಈ ಗುಂಡಿ ಇಲ್ಲ. ನಾಲ್ಕು ವರ್ಷ ಹೌದು ಎಂದು ಬರೆದವನು ನಾನೇ. ಉಳಿದ ನಲವತ್ತೊಂದು ನಿಜ.’ ಸಹಿ ಹಾಕಿ, ದಿನಾಂಕ ಹಾಕಿ, ಮೇಡಂ ಬರುವವರೆಗೂ ನಿಂತೇ ಇದ್ದರು. ಹುಡುಗಿ ನಡೆದು ಬಂದು ಬಾಗಿಲಲ್ಲಿ ಇವರನ್ನು ಕಂಡು ಬೆಪ್ಪಾದಳು.

ಮೇಡಂ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು.

“ಎಲ್ಲಾ ಸರಿ ಮಾವ. ಕೆಂಪು ಶಾಯಿಯಲ್ಲಿ ಯಾಕೆ ಬರೆದ್ರಿ?”

ಆಗಷ್ಟೇ ಮಾವ ಪೆನ್ನು ನೋಡಿದ್ದು. ಆ ಪುಸ್ತಕದಲ್ಲಿ ಕೆಂಪು ಶಾಯಿ ತಪಾಸಣೆ ಮಾಡುವವರಿಗೆ ಮಾತ್ರ. ಬೇರೆಯವರು ಕೆಂಪಿನಲ್ಲಿ ಬರೆದರೆ ಅದೇ ಒಂದು ಉಲ್ಲಂಘನೆ. ಮೂವತ್ತೊಂದು ವರ್ಷದಲ್ಲಿ ಮಾಡದ್ದನ್ನು ಮಾವ ಒಂದೇ ಬೆಳಿಗ್ಗೆ ಮಾಡಿದ್ದರು, ತಪ್ಪು ಒಪ್ಪಿಕೊಳ್ಳುತ್ತಲೇ ಇನ್ನೊಂದು ತಪ್ಪು. ಹುಡುಗಿ ನಗು ತಡೆಯಲಾರದೆ ಬೀರುವಿನ ಹಿಂದೆ ಹೋದಳು. ಅಲ್ಲಿಂದ ಬಿಕ್ಕಳಿಸುವ ಸದ್ದು ಬಂತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲವಂತೆ.

ಮಂಗಳವಾರ ಮಂಡಳಿಯವರು ಬಂದರು. ಇಬ್ಬರು, ಇಬ್ಬರ ಕೈಯಲ್ಲೂ ದಪ್ಪ ಫೈಲು. ಹಿರಿಯ ತಪಾಸಕರು ಮೊದಲು ತೆರೆದದ್ದೇ ಆ ಕೆಂಪು ಸಾಲು. ಮಾವನನ್ನು ಕರೆಸಿ, ಉಳಿದ ನಲವತ್ತೊಂದು ನಿಜ ಅಂತ ಬರೆದಿದ್ದೀರಿ, ನಡೆಯಿರಿ ನೋಡೋಣ ಅಂದರು. ಕೈಯಿಂದ ತಿರುಗಿಸುವ ಪರೀಕ್ಷೆಯ ಪೆಟ್ಟಿಗೆ ಹೊತ್ತುಕೊಂಡು ಹೋದರು. ತಮಗೆ ತೋಚಿದ ಒಂಬತ್ತು ಗುಂಡಿ ಆರಿಸಿಕೊಂಡರು. ಒಂಬತ್ತೂ ಒದ್ದೆ, ಒಂಬತ್ತರಲ್ಲೂ ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. ಆಮೇಲೆ ಹದಿನೇಳನ್ನೂ ನೋಡಬೇಕು ಅಂದರು. ಬೇಕರಿಯ ಮೆಟ್ಟಿಲ ಮೇಲೆ ನಿಂತು, ಇದಕ್ಕೆ ನಾಲ್ಕು ವರ್ಷ ನೀರು ಹಾಕಿದಿರಾ ಅಂದರಂತೆ. ಅದಕ್ಕೇ ಅಂಗಡಿ ಇಷ್ಟು ಚೆನ್ನಾಗಿ ಬೆಳೆದಿದೆ ಅಂತ ಬೇಕರಿಯವ ನಡುವೆ ಬಾಯಿ ಹಾಕಿದ. ತಪಾಸಕರು ನಗಲಿಲ್ಲ. ಬನ್ನು ಮಾತ್ರ ತಗೊಂಡರು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಸುದ್ದಿ ಹಬ್ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಉಳಿದ ಮೂರು ವಿಭಾಗದವರೂ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ನಮ್ಮದರಲ್ಲೂ ಅಂಥದ್ದು ಎರಡಿದೆ ಮೇಡಂ. ನಮ್ಮದರಲ್ಲಿ ನಾಲ್ಕು. ಒಟ್ಟು ಹನ್ನೊಂದು ಸಿಕ್ಕವು. ಒಂದಂತೂ ಹದಿಮೂರು ವರ್ಷದ ಹಿಂದೆ ಕಿತ್ತದ್ದು. ಅದಕ್ಕೆ ವಾರಕ್ಕೆ ಎರಡು ಸಲ ನೀರು ಹಾಕಿದ್ದರು, ಬೇಸಿಗೆ ಅಂತ. ಮಂಡಳಿಯವರು ಹಾಳೆಯನ್ನೇ ಬದಲಿಸಲು ಬರೆದರು. ಹೌದು, ಇಲ್ಲ ಎಂಬ ಎರಡು ಮನೆಯ ಪಕ್ಕದಲ್ಲಿ ‘ಸ್ಥಳದಲ್ಲಿ ಗುಂಡಿ ಇಲ್ಲ’ ಎಂಬ ಮೂರನೆಯ ಮನೆ ಬಂತು. ಅದು ಹುಡುಗಿ ತನ್ನ ವರದಿಯಲ್ಲಿ ಸೂಚಿಸಿದ ಮಾತು. ಮೇಡಂ ಒಂದಕ್ಷರ ತಿದ್ದಲಿಲ್ಲ.

ಮಾವನಿಗೆ ಎಚ್ಚರಿಕೆ ಪತ್ರ ಬುಧವಾರ ಬಂತು. ನಿಯಮ ಅಂದರೆ ನಿಯಮ, ಕೊಡಲೇಬೇಕು ಅಂದರು ಮೇಡಂ. ಸಂಜೆ ಅವರು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದರು. ಒಂದು, ಇಲ್ಲದ ಗುಂಡಿಯ ಬಗ್ಗೆ. ಎರಡು, ಕೆಂಪು ಶಾಯಿಯ ಬಗ್ಗೆ. ಒಂದನೆಯದು ಸರಿ, ಒಪ್ಪಿದೆ ಅಂದರು. ಎರಡನೆಯದು ಅನ್ಯಾಯ, ಪೆನ್ನು ಅವರದೇ, ಮೇಜು ಅವರದೇ ಅಂತ ಊಟ ಮುಗಿಯುವವರೆಗೂ ವಾದಿಸಿದರು. ತೀರ್ಪು ಹೇಳು ಅಂತ ಹುಡುಗಿಯನ್ನು ಕೇಳಿದರು. ಬರೆಯುವ ಮೊದಲು ಪೆನ್ನು ನೋಡುವುದು ಬರೆಯುವವರ ಜವಾಬ್ದಾರಿ ಅಂದಳು ಅವಳು. ಇದನ್ನೇ ಕಲಿಸಿದ್ದಾ ನಿನಗೆ ಅಲ್ಲಿ ಅಂದರು. ಹೌದು ಅಂದಳು. ಅತ್ತೆ ಅಷ್ಟು ದಿನದ ಮೇಲೆ ಅವರಿಬ್ಬರೂ ನೇರ ಮಾತಾಡುವುದನ್ನು ಕೇಳುತ್ತ, ಬಡಿಸುವುದನ್ನೇ ಮರೆತು ಕೂತಳು.

ಅದರ ಮರುದಿನವೇ ಹುಡುಗಿ ಹೊರಟಿದ್ದು. ಅದರ ಮರುದಿನ ಮಾವ.

ಹತ್ತು ದಿನ ಕಳೆದು ಕಂಪನಿಯವರು ಅತ್ತೆಯನ್ನು ಕರೆಸಿದರು. ಹುಡುಗಿಯೂ ಬಂದು ಜೊತೆಗಿದ್ದಳು. ಏನೋ ಸಹಿ ಹಾಕಿಸಿಕೊಳ್ಳಲು ಅಂದುಕೊಂಡು ಹೋದರೆ, ಅಂಗಳದಲ್ಲಿ ಎಲ್ಲರೂ ಸೇರಿದ್ದರು. ರೂಲ್ಸ್ ಮೇಡಂ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಮಾವನ ಕಾರ್ಡು. ಪತ್ರ ಇರುವ ಕಾರ್ಡನ್ನು ಓದುವ ಪದ್ಧತಿ ಇಲ್ಲ, ಆದರೆ ಓದಬಾರದು ಅಂತ ಎಲ್ಲೂ ಬರೆದಿಲ್ಲ, ಹುಡುಕಿ ನೋಡಿದ್ದೇನೆ ಅಂದರು. ಓದಿದರು. ಸೇರಿದ ದಿನ, ಹತ್ತಿದ ಕಂಬ, ಮಳೆಗಾಳಿಯಲ್ಲಿ ಮಾಡಿದ ಕೆಲಸ, ಎಲ್ಲ. ಕೊನೆಗೆ ಎಚ್ಚರಿಕೆ ಪತ್ರವನ್ನೂ ಓದಿದರು. ‘ಒಂದು ಸುಳ್ಳು ದಾಖಲೆ. ವರದಿ ಮಾಡಿದವರು, ಸ್ವತಃ.’ ಒಂದು ಗಳಿಗೆ ಬಿಟ್ಟು, ‘ಕೆಂಪು ಶಾಯಿಯಲ್ಲಿ’ ಅಂದರು. ಡ್ರೈವರ್ ಮೊದಲು ನಕ್ಕ. ಆಮೇಲೆ ಅಂಗಳವೇ ನಕ್ಕಿತು. ಅತ್ತೆಯೂ ನಕ್ಕಳು. ಹಿಂದೆಂದೋ ಮಾವ ಹೇಳಿಟ್ಟ ಬಟ್ಟೆಯನ್ನು ಉಟ್ಟಿರಲಿಲ್ಲ. ಕಣ್ಣು ಒರೆಸಿಕೊಳ್ಳಲು ಹಳೆಯ ಸೆರಗೇ ಒಳ್ಳೆಯದಾಯಿತು.

ಮಾವನ ಜಾಗಕ್ಕೆ ಎರಡು ತಿಂಗಳು ಯಾರೂ ಬರಲಿಲ್ಲ. ಉಳಿದವರು ತಮ್ಮ ತಮ್ಮ ಗುಂಡಿಗಳ ಜೊತೆ ಇವರದನ್ನೂ ಹಂಚಿಕೊಂಡರು. ಇವತ್ತು ಇದಕ್ಕೆ, ನಾಳೆ ಅದಕ್ಕೆ. ಅತ್ತೆಯ ಬೀದಿಯ ಕೊನೆಯಲ್ಲಿರುವುದು ಇಪ್ಪತ್ತಮೂರು. ಒಂದು ದಿನ ಹೋಗಿ ಮುಚ್ಚಳ ಎತ್ತಿ ನೋಡಿದಳು. ಒಣಗಿ ಬಿರುಕು ಬಿಟ್ಟಿತ್ತು. ಮನೆಗೆ ಬಂದು ಬಕೆಟ್ಟು ತುಂಬಿಕೊಂಡು ಹೋದಳು. ಫೋನಿನಲ್ಲಿ ಹುಡುಗಿಗೆ ಹೇಳಿದರೆ ಅವಳು ಗಾಬರಿಯಾದಳು. ಗುಂಡಿಯ ಬಾಯಿ ಬೇಲಿಯ ಒಳಗಿದೆಯೋ ಹೊರಗಿದೆಯೋ ಅಂತ ಕೇಳಿದಳು. ಹೊರಗೆ, ಕಾಲುದಾರಿಯ ಪಕ್ಕ. ಬೇಲಿ ಮುಟ್ಟಬಾರದು, ಮಳೆಯಲ್ಲಿ ಹೋಗಬಾರದು, ಚಪ್ಪಲಿ ಹಾಕಿಕೊಂಡೇ ಹೋಗಬೇಕು ಅಂತ ಮೂರು ನಿಯಮ ಹೇಳಿ, ಮೇಡಂ ಅವರನ್ನೂ ಕೇಳಿ ಒಪ್ಪಿಗೆ ತೆಗೆದುಕೊಂಡಳು. ಅತ್ತೆ ಮೂರನ್ನೂ ಪಾಲಿಸುತ್ತಾಳೆ.

ಕೊನೆಗೆ ಹೊಸ ಲೈನ್‌ಮನ್ ಬಂದ. ನಲವತ್ತರ ಆಸುಪಾಸು, ದಪ್ಪ ಮೀಸೆ, ಒಳ್ಳೆಯ ಮಾತು. ಒಂದು ಬೆಳಿಗ್ಗೆ ಅತ್ತೆ ನೀರು ಹಾಕುವುದನ್ನು ನೋಡಿ ಸ್ಕೂಟರು ನಿಲ್ಲಿಸಿದ. ಪುಣ್ಯ ಬರುತ್ತೆ ಅಮ್ಮ, ಒಂದು ಕಡಿಮೆಯಾಯ್ತು ನನಗೆ ಅಂತ ಪುಸ್ತಕ ತೆಗೆದು ‘ಹೌದು’ ಬರೆಯಲು ಹೊರಟ.

“ನೀನು ಹಾಕಿದ್ಯಾ?” ಅಂದಳು ಅತ್ತೆ.

“ಇಲ್ಲಮ್ಮ. ನೀವು ಹಾಕಿದ್ದೀರಲ್ಲ.”

“ಹಾಗೇ ಬರಿ.”

ಅವನು ಸ್ಕೂಟರಿನಿಂದ ಇಳಿದು ಮುಚ್ಚಳ ಎತ್ತಿ ಬೆರಳು ಹಾಕಿ ನೋಡಿದ. ಆಮೇಲೆ ಷರಾ ಜಾಗದಲ್ಲಿ ಬರೆದು ಅವಳಿಗೆ ತೋರಿಸಿದ. ಅತ್ತೆ ಕೂಡಿಸಿ ಕೂಡಿಸಿ ಓದಿದಳು. ‘ನೀರು ಹಾಕಿದವರು ಬೀದಿಯ ಮನೆಯವರು. ನಾನು ಮುಚ್ಚಳ ಎತ್ತಿ ನೋಡಿದೆ. ಒದ್ದೆ ಇದೆ.’ ನೀಲಿ ಶಾಯಿ. ಸರಿ ಇದೆ ಅಂದಳು.

ಈಗಲೂ ಪ್ರತಿ ಮಂಗಳವಾರ ಅವನು ಬಂದು ನೋಡಿ ಹಾಗೆಯೇ ಬರೆಯುತ್ತಾನೆ. ವಾರಕ್ಕೊಮ್ಮೆ ಸಾಕು ಅಮ್ಮ, ದಿನಾ ಯಾಕೆ ಅನ್ನುತ್ತಾನೆ. ಅತ್ತೆ ಮಾತ್ರ ದಿನವೂ ಬೆಳಿಗ್ಗೆ ಆರಕ್ಕೆ ಚಪ್ಪಲಿ ಹಾಕಿಕೊಂಡು ಎರಡು ಬಕೆಟ್ಟು ನೀರು ಒಯ್ಯುತ್ತಾಳೆ. ಮುಚ್ಚಳ ಸರಿಸುತ್ತಾಳೆ. ಮೊದಲ ಬಕೆಟ್ಟು ಸರ್ರನೆ ಇಳಿಯುತ್ತದೆ. ಎರಡನೆಯದು ನಿಧಾನ. ಅದು ಇಳಿಯುವವರೆಗೆ ನಿಂತಿದ್ದು, ಮುಚ್ಚಳ ಮುಚ್ಚಿ, ಮನೆಗೆ ಬಂದು ಚಹಾಕ್ಕೆ ಇಡುತ್ತಾಳೆ.